ಕಸುಬು ಕೇಳಿದ ವೈದ್ಯ

ಗೋಕಾಕ ಫಾಲ್ಸಿನ ಹತ್ತಿ ಗಿರಣಿ ನಮ್ಮ ಭಾಗದ ಹಲವು ತಲೆಮಾರುಗಳಿಗೆ ಅನ್ನ ಕೊಟ್ಟಿತು. ಹತ್ತಿಯ ಧೂಳು ವರ್ಷಗಟ್ಟಲೆ ಎದೆ ಸೇರಿದರೆ ಬರುವ ಕಾಯಿಲೆಗೆ ಒಂದು ವಿಚಿತ್ರ ಗುರುತುಂಟು: ಭಾನುವಾರ ವಿಶ್ರಮಿಸಿ ಸೋಮವಾರ ಕೆಲಸಕ್ಕೆ ಮರಳಿದ ದಿನವೇ ಎದೆ ಹೆಚ್ಚು ಬಿಗಿಯುತ್ತದೆ. ವೈದ್ಯರು ಕಸುಬು ಕೇಳದಿದ್ದರೆ ಅದು ಬರಿಯ ಕೆಮ್ಮಾಗಿ, ಒಂದು ಔಷಧದ ಬಾಟಲಿಯಲ್ಲಿ ಮುಗಿದುಹೋಗುತ್ತದೆ. ರೋಗಿಯ ಕಸುಬನ್ನು ತಪ್ಪದೆ ಕೇಳಬೇಕೆಂದು ವೈದ್ಯಲೋಕಕ್ಕೆ ಕಲಿಸಿದವರು ಇಟಲಿಯ ಬರ್ನಾರ್ದಿನೊ ರಮಾತ್ಸೀನಿ.

ಅವರು ಹುಟ್ಟಿದ್ದು 1633ರಲ್ಲಿ, ಕಾರ್ಪಿ ಎಂಬ ಊರಿನಲ್ಲಿ. ಯೇಸುಸಭೆಯ ಗುರುಗಳ ಶಾಲೆಯಲ್ಲಿ ಕಲಿತು, 1659ರಲ್ಲಿ ಪಾರ್ಮಾದಲ್ಲಿ ವೈದ್ಯ ಪದವಿ ಪಡೆದರು. ಹಳ್ಳಿಯ ವೈದ್ಯರಾಗಿದ್ದಾಗ ಮಲೇರಿಯಾ ಹಿಡಿದು ಊರಿಗೆ ಮರಳಬೇಕಾಯಿತು. ಮುಂದೆ ಮೋದೆನಾ ನಗರದಲ್ಲಿ ನೆಲೆಸಿದರು.

ಅಲ್ಲಿ ಒಂದು ದಿನ ಅವರ ಮನೆಯ ಮಲದ ಗುಂಡಿಯನ್ನು ಬಳಿಯಲು ಕೂಲಿಯವನೊಬ್ಬ ಬಂದ. ಅವನು ಉಸಿರು ಬಿಡದೆ ಅವಸರಪಡುತ್ತಿದ್ದ. ಏಕೆಂದು ರಮಾತ್ಸೀನಿ ವಿಚಾರಿಸಿದರು. ನಾಲ್ಕು ತಾಸಿಗಿಂತ ಹೆಚ್ಚು ಅಲ್ಲಿ ನಿಂತರೆ ಕಣ್ಣು ಹೋಗುತ್ತದೆಂಬ ಭಯ ಅವನದು. ನೋಡಿದರೆ ಅವನ ಕಣ್ಣು ಕೆಂಪಾಗಿ ಮಂಕಾಗಿತ್ತು. ಮನೆಗೆ ಹೋಗಿ ಕತ್ತಲ ಕೋಣೆಯಲ್ಲಿ ಕುಳಿತು ಉಗುರುಬೆಚ್ಚಗಿನ ನೀರಿನಿಂದ ತೊಳೆದುಕೊಳ್ಳುವುದೇ ಅವನಿಗೆ ಗೊತ್ತಿದ್ದ ಚಿಕಿತ್ಸೆ. ಅದೇ ಕೆಲಸ ಮಾಡಿ ಕುರುಡಾಗಿ ಭಿಕ್ಷೆ ಬೇಡುತ್ತಿದ್ದವರನ್ನೂ ರಮಾತ್ಸೀನಿ ಕಂಡರು. ಕಾಯಿಲೆಯ ಬಗ್ಗೆ ಕೂಲಿಯವನಿಗೆ ತಿಳಿದಿದ್ದಷ್ಟು ವೈದ್ಯರಿಗೆ ತಿಳಿದಿರಲಿಲ್ಲ; ವೈದ್ಯರು ಹೇಳಿಕೊಡಬಹುದಾದದ್ದು ಕೂಲಿಯವನಿಗೆ ತಲುಪಿರಲಿಲ್ಲ.

ಅಂದಿನಿಂದ ಅವರು ಕುಂಬಾರರ, ಕಲ್ಲುಕುಟಿಗರ, ನಾರು ಹಿಂಜುವವರ ಬಳಿಗೇ ಹೋದರು. ಬಡವನ ಮನೆಗೆ ಹೋದ ವೈದ್ಯನು ಸಿಕ್ಕ ಮಣೆಯ ಮೇಲೆ ಕುಳಿತು ಸಾವಧಾನವಾಗಿ ಮಾತಾಡಬೇಕೆಂದು ಬಯಸಿದರು. ಹಿಪ್ಪೊಕ್ರೇಟಿಸನ ಪ್ರಶ್ನೆಗಳಿಗೆ ಕಸುಬಿನ ಪ್ರಶ್ನೆಯನ್ನೂ ಸೇರಿಸಿದರು. ಧೂಳಿನಲ್ಲಿ ದುಡಿಯುವವರು ಬಾಯಿಗೆ ಬಟ್ಟೆ ಕಟ್ಟಬೇಕು, ಕುಳಿತು ದುಡಿಯುವವರು ರಜಾದಿನವಾದರೂ ಮೈ ಆಡಿಸಬೇಕು ಎಂಬುದು ಅವರ ಸಲಹೆ.

1700ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನಲವತ್ತಕ್ಕೂ ಹೆಚ್ಚು ಕಸುಬುಗಳಿವೆ, ಒಕ್ಕಲುತನವೂ ಸೇರಿ. ಆದರೆ ಅದು ಲತೀನ್ ಭಾಷೆಯಲ್ಲಿತ್ತು. ಯಾವ ಕುಂಬಾರ ಓದಿಯಾನು? ಬರೆದದ್ದು ದುಡಿಯುವವನಿಗೆ ತಲುಪಬೇಕಾದರೆ ವೈದ್ಯನ ಬಾಯಿಂದಲೇ ತಲುಪಬೇಕಿತ್ತು. ನಮ್ಮ ಕುಲಗೋಡದಂಥ ಊರುಗಳಲ್ಲಿ ಇಂದಿಗೂ ಇಂಥ ಸಂಕೋಚವಿದೆ. ರಾತ್ರಿ ಪಾಳಿಗೆ ಹೋಗುವ ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಊಟಕ್ಕೆ ಮುಂಚೆಯೋ ಆಮೇಲೋ, ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳದೆ ನೆರೆಯವರನ್ನು ಕೇಳುತ್ತಾರೆ. ಕಾಯಿಲೆ ತಿಳಿದರೆ ಕೆಲಸ ಹೋದೀತೆಂಬ ಭಯವೂ ಸುಳ್ಳಲ್ಲ.

1700ರಲ್ಲಿಯೇ ರಮಾತ್ಸೀನಿ ಪಾದುವಾ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಆ ಹೊತ್ತಿಗೆ ಅವರ ದೃಷ್ಟಿಯೇ ಕುಂದತೊಡಗಿತ್ತು. ಮೊಮ್ಮಕ್ಕಳು ಓದಿ ಹೇಳುತ್ತಿದ್ದರು. ಹಾಗಿದ್ದೂ 1713ರ ಎರಡನೆಯ ಆವೃತ್ತಿಗೆ ನೇಕಾರರು, ಬಡಗಿಗಳು, ಇಟ್ಟಿಗೆ ಮಾಡುವವರು, ಬಾವಿ ತೋಡುವವರು ಮುಂತಾಗಿ ಹನ್ನೆರಡು ಕಸುಬುಗಳನ್ನು ಸೇರಿಸಿದರು. ಮರುವರ್ಷ ಪಾದುವಾದಲ್ಲಿಯೇ ತೀರಿಕೊಂಡರು.