ಕಡಲನ್ನು ಮನೆಗೆ ತಂದ ಗಾಸ್

ಮನೇಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ, ಸೀ ಅನಿಮೋನ್, ಸೀಗಡಿ ಸಾಕಬೇಕು ಅನ್ನೋರಿಗೆ ಪಂಪು, ಲೈಟುಗಳಿಗಿಂತ ಮುಂಚೆ ಬೇಕಾಗೋದು ಒಂದು ಒಳ್ಳೆ ಪುಸ್ತಕ. ಅದನ್ನು ಆರಿಸೋದೇ ಕಷ್ಟ. ಒಂದು ಜಾತಿಯ ಪುಸ್ತಕ ಪ್ರಾಣಿಯ ಹೆಸರು, ಕುಲ, ಚಂದದ ಚಿತ್ರ ಕೊಟ್ಟು ಸುಮ್ಮನಾಗುತ್ತೆ. ಇನ್ನೊಂದು ಜಾತಿಯದ್ದು ಅದೇ ಪ್ರಾಣಿ ಏನು ತಿನ್ನುತ್ತೆ, ಎಷ್ಟು ಬೆಳಕು ಕೇಳುತ್ತೆ, ಯಾವುದರಿಂದ ಸಾಯುತ್ತೆ ಅಂತ ಹೇಳುತ್ತೆ. ಎರಡೂ ಬೇಕು. ಈ ಎರಡನ್ನೂ ಒಬ್ಬನೇ ಕೂತು ಬರೆದ, ಚಿತ್ರಗಳನ್ನೂ ತಾನೇ ಬಿಡಿಸಿದ ಆಸಾಮಿ ಒಬ್ಬನಿದ್ದ. ಹೆಸರು ಫಿಲಿಪ್ ಹೆನ್ರಿ ಗಾಸ್. ಅಕ್ವೇರಿಯಂ ಅಂತ ನಾವು ಇವತ್ತು ಸಲೀಸಾಗಿ ಹೇಳೋ ಪದ ಜನರ ಬಾಯಿಗೆ ಬಂದಿದ್ದು 1854ರ ಅವನ ಪುಸ್ತಕದಿಂದ.

ಗಾಸ್ ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಬೆಳೆದದ್ದು ಪೂಲ್ ಅನ್ನೋ ಬಂದರು ಊರಲ್ಲಿ. ಅಪ್ಪ ಊರೂರು ಸುತ್ತಿ ಚಿಕ್ಕ ಚಿಕ್ಕ ಭಾವಚಿತ್ರ ಬರೆದು ಬದುಕುತ್ತಿದ್ದ ಕಲಾವಿದ, ಮನೇಲಿ ದುಡ್ಡು ಅಷ್ಟಕ್ಕಷ್ಟೇ. ಹುಡುಗನಿಗೆ ಕಾಲೇಜು ಸಿಗಲಿಲ್ಲ. 17ನೇ ವಯಸ್ಸಿಗೆ, ಅಂದರೆ ನಾವು ಸಿಇಟಿ ಟೆನ್ಷನ್‌ನಲ್ಲಿರೋ ವಯಸ್ಸಿಗೆ, ಅವನು ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ನ ಒಂದು ವ್ಯಾಪಾರಿ ಕಂಪನಿಯಲ್ಲಿ ಗುಮಾಸ್ತನಾದ. ಅಲ್ಲಿ 1832ರಲ್ಲಿ ಆಡಮ್ಸ್ ಅನ್ನೋನು ಮೈಕ್ರೋಸ್ಕೋಪ್ ಬಗ್ಗೆ ಬರೆದ ಒಂದು ಹಳೇ ಪುಸ್ತಕ ಕೊಂಡ. ಅದರ ತುಂಬ ಕೀಟಗಳ ವಿಷಯ. ಆ ಒಂದು ಪುಸ್ತಕ ಗುಮಾಸ್ತನನ್ನು ಕೀಟ ಹಿಡಿಯೋನನ್ನಾಗಿ ಮಾಡಿತು. ಆಮೇಲೆ ಕೆನಡಾದಲ್ಲಿ ಬೇಸಾಯ ಮಾಡಿದ, ಕೈ ಹತ್ತಲಿಲ್ಲ. ಅಲಬಾಮಾದಲ್ಲಿ ಮೇಷ್ಟ್ರಾದ, ಅದೂ ನಿಲ್ಲಲಿಲ್ಲ. 1839ರಲ್ಲಿ ಇಂಗ್ಲೆಂಡಿಗೆ ವಾಪಸ್. ನಂತರ ಜಮೈಕಾದಲ್ಲಿ ಸುಮಾರು ಒಂದೂವರೆ ವರ್ಷ ಹಕ್ಕಿಗಳ ಅಧ್ಯಯನ. 1848ರಲ್ಲಿ ಎಮಿಲಿ ಬೌಸ್ ಜೊತೆ ಮದುವೆ, ಮರುವರ್ಷ ಮಗ ಎಡ್ಮಂಡ್.

ನಮಗೆ ಬೇಕಾದ ಕಥೆ ಶುರುವಾಗೋದು 1852ರಲ್ಲಿ. ಬರೆದೂ ಬರೆದೂ ಆರೋಗ್ಯ ಕೆಡಿಸಿಕೊಂಡ ಗಾಸ್ ಸಂಸಾರ ಸಮೇತ ಡೆವನ್ ಕರಾವಳಿಗೆ ಹೋದ. ಇಳಿತದ ಹೊತ್ತಿಗೆ ಬಂಡೆಗಳ ಮಧ್ಯೆ ನಿಲ್ಲುವ ನೀರಿನ ಹೊಂಡಗಳಲ್ಲಿ ಇಣುಕಿದ. ಅನಿಮೋನ್‌ಗಳು, ಬಟ್ಟಲಿನಾಕಾರದ ಪುಟ್ಟ ಹವಳಗಳು, ಏಡಿ, ಹುಳು. ಸುತ್ತಿಗೆ ಮತ್ತು ಉಳಿ ಹಿಡಿದು, ಬಂಡೆಯ ಚೂರಿನ ಸಮೇತ ಅವನ್ನು ಎಬ್ಬಿಸಿ ಮನೆಗೆ ತಂದು ಗಾಜಿನ ಪಾತ್ರೆಗಳಲ್ಲಿ ಇಟ್ಟ. ಒಂದು ದೊಡ್ಡ ಅನಿಮೋನ್ ಜಾತಿಯನ್ನು ಬೇಯಿಸಿ ತಿಂದೂ ನೋಡಿದ! ಇದು ತಮಾಷೆಯಲ್ಲ, ತನ್ನ ಪುಸ್ತಕದಲ್ಲೇ ಬರೆದುಕೊಂಡಿದ್ದಾನೆ.

ಕಡಲಜೀವಿಗಳನ್ನು ಮನೇಲಿ ಸಾಕಿದ ಮೊದಲಿಗ ಅವನೇ ಅಂತ ಹೇಳೋಕೆ ಆಗಲ್ಲ. ಆನಾ ಥಿನ್ ಎಂಬ ಮಹಿಳೆ 1846ರಲ್ಲೇ ಟಾರ್ಕೀಯಿಂದ ಗಟ್ಟಿ ಹವಳಗಳನ್ನು ಲಂಡನ್‌ಗೆ ತಂದು ಸಾಕಿದ್ದಳು. ಗಾಳಿ ಬೆರೆಯಲಿ ಅಂತ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಸುತ್ತಿದ್ದಳು. ನಮ್ಮ ಏರ್ ಪಂಪಿನ ಕೆಲಸವನ್ನು ಕೈಯಲ್ಲಿ ಮಾಡಿಸಿದ ಹಾಗೆ. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಮೀನು, ಗಿಡ, ಬಸವನಹುಳು ಒಟ್ಟಿಗಿದ್ದರೆ ನೀರು ಕೆಡದೆ ಉಳಿಯುತ್ತೆ ಅಂತ 1850ರಲ್ಲಿ ತೋರಿಸಿದ್ದ. ಗಾಸ್ ಮಾಡಿದ್ದು ಬೇರೆ ಕೆಲಸ: ಓದಿದೋರು ಯಾರು ಬೇಕಾದರೂ ಮಾಡಬಹುದಾದ ಹಾಗೆ ಬರೆದಿಟ್ಟ. ಲಂಡನ್ ಮೃಗಾಲಯ 1853ರಲ್ಲಿ ತೆರೆದ ಮೊದಲ ಸಾರ್ವಜನಿಕ ಅಕ್ವೇರಿಯಂಗೆ ಪ್ರಾಣಿಗಳನ್ನು ಒದಗಿಸಿದವರಲ್ಲಿ ಅವನೂ ಒಬ್ಬ.

ನನಗೆ ತುಂಬ ಇಷ್ಟವಾದದ್ದು ಅವನ ಉಪ್ಪಿನ ಲೆಕ್ಕ. ಕಡಲಿಂದ ದೂರ ಇರೋರು ಏನು ಮಾಡಬೇಕು? ಆಗಲೇ ಪ್ರಕಟವಾಗಿದ್ದ ಸಮುದ್ರದ ನೀರಿನ ರಾಸಾಯನಿಕ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡು 1854ರಲ್ಲಿ ನಾಲ್ಕೇ ಲವಣಗಳಲ್ಲಿ ಕಡಲು ತಯಾರಿಸಿದ: ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್. ಮೊದಲು ಪಾಚಿ ಹಾಕಿ ಕೆಲವು ದಿನ ಕಾದು, ಆಮೇಲೆ ಪ್ರಾಣಿ ಬಿಟ್ಟ. ಹೊಸ ಟ್ಯಾಂಕಿಗೆ ತಕ್ಷಣ ಪ್ರಾಣಿ ಬಿಡಬೇಡಿ ಅಂತ ಈಗಿನ ಪುಸ್ತಕಗಳೂ ಹೇಳ್ತವೆ. ಕ್ಯಾಲ್ಸಿಯಂ ಲವಣಗಳು ತೀರಾ ಕಡಿಮೆ ಪ್ರಮಾಣದಲ್ಲಿವೆ, ಸರಿಯಾಗಿ ಕರಗೋದೂ ಇಲ್ಲ ಅಂತ ಬಿಟ್ಟುಬಿಟ್ಟ. ಗಟ್ಟಿ ಹವಳ ತನ್ನ ಅಸ್ಥಿ ಕಟ್ಟೋದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ, ಹಾಗಾಗಿ ಈಗ ಹವಳದ ಟ್ಯಾಂಕಿನಲ್ಲಿ ಜನ ಅಳೆದು ಅಳೆದು ನೋಡೋದು ಕ್ಯಾಲ್ಸಿಯಂ ಅನ್ನೇ. ಆದರೂ ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಗಾಸ್ ಬರೆದಿಟ್ಟಿದ್ದಾನೆ ನೋಡಿ, ಅದಕ್ಕೇ ಅವನ ತಪ್ಪನ್ನು ಇವತ್ತೂ ಹಿಡಿಯಬಹುದು. ಪುಸ್ತಕ ಆರಿಸುವಾಗ ನಾನಾದರೆ ಇದನ್ನೇ ಮೊದಲು ನೋಡ್ತೀನಿ.

1856ರಲ್ಲಿ ರಾಯಲ್ ಸೊಸೈಟಿ ಅವನನ್ನು ಫೆಲೋ ಮಾಡಿಕೊಂಡಿತು. ಮರುವರ್ಷ ಫೆಬ್ರವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅದೇ 1857ರಲ್ಲಿ ಅವನ ಇನ್ನೊಂದು ಪುಸ್ತಕ ಬಂತು, ಓಂಫಲಸ್. ಭೂಮಿ ಹಳೆಯದಾಗಿ ಕಾಣೋದು ದೇವರು ಅದನ್ನು ಹಳೆಯದರ ಗುರುತುಗಳ ಸಮೇತ ಸೃಷ್ಟಿಸಿದ್ದರಿಂದ ಅನ್ನೋ ವಾದ. ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮದವರೂ ಒಪ್ಪಲಿಲ್ಲ. ಅನಿಮೋನ್ ಬಾಯಿ ತೆರೆಯೋದನ್ನು ಗಂಟೆಗಟ್ಟಲೆ ಕಾದು ನೋಡಿ ಬರೆಯುತ್ತಿದ್ದವನು, ಯಾರೂ ಪರೀಕ್ಷೆ ಮಾಡಲಾಗದ ವಾದವನ್ನು ಹಿಡಿದು ಕೂತಿದ್ದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಹೆಂಡತಿಯಿಲ್ಲದ ಮನೆ ಬಿಟ್ಟು ಮಗನ ಜೊತೆ ಡೆವನ್‌ನ ಸೇಂಟ್ ಮೇರಿಚರ್ಚ್‌ಗೆ ಬಂದು, ಮತ್ತೆ ಬಂಡೆಗಳಿಗೆ ಇಳಿದ. 1858ರಿಂದ 1860ರವರೆಗೆ ಕಂತು ಕಂತಾಗಿ ಬಂದದ್ದು ಬ್ರಿಟನ್ನಿನ ಅನಿಮೋನ್ ಮತ್ತು ಹವಳಗಳ ದೊಡ್ಡ ಪುಸ್ತಕ, ಆಕ್ಟಿನೋಲೋಜಿಯಾ ಬ್ರಿಟಾನಿಕಾ. ಹೆಸರು ಪತ್ತೆ ಹಚ್ಚೋಕೂ ಇದೇ, ಸಾಕೋಕೂ ಇದೇ. ಅದರಲ್ಲಿನ ಒಂದು ಹೊಸ ಅನಿಮೋನ್ ಅನ್ನು 1859ರಲ್ಲಿ ಕಂಡುಹಿಡಿದದ್ದು ಪುಟ್ಟ ಎಡ್ಮಂಡ್. ಮುಂದೆ 1928 ಮತ್ತು 1935ರಲ್ಲಿ ಸ್ಟೀಫನ್‌ಸನ್ ಎರಡು ಸಂಪುಟ ತರುವವರೆಗೂ ಈ ವಿಷಯಕ್ಕೆ ಎಲ್ಲರೂ ತೆಗೆದು ನೋಡುತ್ತಿದ್ದದ್ದು ಗಾಸ್‌ನನ್ನೇ.

ಆದರೆ ಪುಸ್ತಕಗಳು ಗೆದ್ದದ್ದೇ ಕಡಲಿಗೆ ಮುಳುವಾಯ್ತು. ಅವನನ್ನು ಓದಿದ ಜನ ರೈಲು ಹತ್ತಿ ಬುಟ್ಟಿ, ಸುತ್ತಿಗೆ, ಜಾಡಿ ಸಮೇತ ಕರಾವಳಿಗೆ ಬಂದರು. ಬಂಡೆಯ ಹೊಂಡಗಳು ಬರಿದಾದವು. ಅಪ್ಪನ ಬರಹವೇ ಇದಕ್ಕೆ ಕಾರಣವಾಯ್ತು, ಅದು ಅಪ್ಪನನ್ನು ಕೊರೆಯುತ್ತಿತ್ತು ಅಂತ ಎಡ್ಮಂಡ್ 1907ರ ತನ್ನ ಪುಸ್ತಕದಲ್ಲಿ ಹೇಳಿದ್ದಾನೆ. ಅಂದಹಾಗೆ ನಮ್ಮಲ್ಲಿ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಇರೋ ಪಟ್ಟಿಯಲ್ಲೇ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋದರೆ ಅಲ್ಲಿನ ಹವಳವನ್ನು ನೀರಲ್ಲೇ ನೋಡಿ ಬರಬೇಕು. ವಿದೇಶಿ ಟ್ಯಾಂಕ್ ಪುಸ್ತಕಗಳಲ್ಲಿ ಈ ಸಾಲು ಇರಲ್ಲ.

1860ರಲ್ಲಿ ಗಾಸ್ ಎಲೈಜಾ ಬ್ರೈಟ್ವೆನ್ ಎಂಬಾಕೆಯನ್ನು ಮದುವೆಯಾದ. ಕೊನೆಗಾಲದಲ್ಲಿ ಆರ್ಕಿಡ್ ಬೆಳೆಸಿದ, ಮತ್ತೆ ಮೈಕ್ರೋಸ್ಕೋಪಿಗೆ ಮರಳಿ ರೋಟಿಫರ್ ಅನ್ನೋ ಬರಿಗಣ್ಣಿಗೆ ಕಾಣೋದೇ ಕಷ್ಟವಾದ ನೀರಿನ ಜೀವಿಗಳ ಮೇಲೆ ಹಡ್ಸನ್ ಜೊತೆ ಪುಸ್ತಕ ಮಾಡಿದ. 1888ರ ಆಗಸ್ಟ್‌ನಲ್ಲಿ ಸೇಂಟ್ ಮೇರಿಚರ್ಚ್‌ನ ಮನೆಯಲ್ಲೇ ತೀರಿಕೊಂಡ. ಅದೇ ರೋಟಿಫರ್‌ಗಳನ್ನು ಇವತ್ತು ಸಮುದ್ರದ ಮೀನಿನ ಮರಿಗಳಿಗೆ ಮೊದಲ ಆಹಾರವಾಗಿ ಬೆಳೆಸುತ್ತಾರೆ.