ಪರ್ಸಿ ಸ್ಪೆನ್ಸರ್

ಪುತ್ತೂರು, ಸುಳ್ಯ, ಕಡಬ ಪ್ರದೇಶದ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿ ಬೇಯುವುದು ಬಹುಮಟ್ಟಿಗೆ ಬೆಂಕಿಯ ಮೇಲೆಯೇ. ಆದರೆ ಹಿಂದಿನ ದಿನದ ಪತ್ರೊಡೆಯನ್ನು ಬಿಸಿಮಾಡಲು, ಹಲಸಿನ ಹಪ್ಪಳವನ್ನು ಎಣ್ಣೆಯಿಲ್ಲದೆ ಸುಡಲು ಮೈಕ್ರೋವೇವ್ ಒಲೆಯನ್ನು ಬಳಸುವವರು ಈಗ ಅಲ್ಲಿಯೂ ಇದ್ದಾರೆ. ಜ್ವಾಲೆಯಿಲ್ಲದ ಈ ಒಲೆಯನ್ನು ಕಂಡುಹಿಡಿದವನು ಅಮೆರಿಕದ ಪರ್ಸಿ ಸ್ಪೆನ್ಸರ್.

ಸ್ಪೆನ್ಸರನು 1894ರಲ್ಲಿ ಮೇಯ್ನ್ ರಾಜ್ಯದ ಹೌಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅವನು ಒಂದೂವರೆ ವರ್ಷದ ಕೂಸಾಗಿದ್ದಾಗಲೇ ತಂದೆ ತೀರಿಕೊಂಡನು. ತಾಯಿ ಮಗುವನ್ನು ಬಂಧುಗಳಾದ ದಂಪತಿಗಳಿಗೆ ಒಪ್ಪಿಸಿ ದೂರವಾದಳು. ಏಳನೆಯ ವಯಸ್ಸಿನಲ್ಲಿ ಆ ಸಾಕುತಂದೆಯೂ ಗತಿಸಿದನು. ಓದು ಅರ್ಧದಲ್ಲೇ ನಿಂತಿತು. ಹನ್ನೆರಡರ ಪ್ರಾಯಕ್ಕೆ ಬಾಲಕನು ದಾರ ಸುತ್ತುವ ಮರದ ರೀಲುಗಳ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯತೊಡಗಿದನು. ನೆರೆಯ ಕಾಗದದ ಕಾರ್ಖಾನೆಗೆ ವಿದ್ಯುತ್ತು ಬರಲಿದೆಯೆಂದು ತಿಳಿದಾಗ, ತಾನೇ ಪುಸ್ತಕಗಳನ್ನು ಓದಿ ವಿದ್ಯುತ್ತಿನ ಕೆಲಸ ಕಲಿತು ಅಲ್ಲಿ ಸೇರಿಕೊಂಡನು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಸುದ್ದಿ ಅವನಲ್ಲಿ ನಿಸ್ತಂತು ವಿದ್ಯೆಯ ಕುತೂಹಲವನ್ನು ಕೆರಳಿಸಿತು. ನೌಕಾದಳವನ್ನು ಸೇರಿ, ರಾತ್ರಿಯ ಕಾವಲಿನ ಹೊತ್ತಿನಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಗುರುವಿಲ್ಲದೆ ಅಭ್ಯಾಸ ಮಾಡಿದನು. ಶಾಲೆಯನ್ನೇ ಪೂರೈಸದವನಿಗೆ ಇದು ಸಾಮಾನ್ಯ ಸಾಹಸವಲ್ಲ.

ಮುಂದೆ ಅವನು ರೇಥಿಯಾನ್ ಎಂಬ ಸಂಸ್ಥೆಯಲ್ಲಿ ಎಂಜಿನಿಯರನಾದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಡಾರಿಗೆ ಬೇಕಾದ ಸೂಕ್ಷ್ಮತರಂಗಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್ ನಳಿಕೆಗಳನ್ನು ಶೀಘ್ರವಾಗಿ ತಯಾರಿಸುವ ಉಪಾಯವನ್ನು ಕಂಡುಕೊಂಡನು.

1945ರ ಸುಮಾರಿಗೆ ಒಂದು ದಿನ ಅವನು ಅಂತಹ ನಳಿಕೆಯೊಂದರ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿಹೋಯಿತು. ತರಂಗಗಳ ಶಾಖವನ್ನು ಇತರರೂ ಗಮನಿಸಿದ್ದರು. ಅದರ ಬೆನ್ನು ಹತ್ತಿದವನು ಸ್ಪೆನ್ಸರ್. ಅವನು ಮೆಕ್ಕೆಜೋಳದ ಕಾಳುಗಳನ್ನು ತರಿಸಿ ನಳಿಕೆಯ ಮುಂದಿಟ್ಟನು. ಅವು ಚಟಚಟನೆ ಅರಳಿದವು. ಮರುದಿನ ಮೊಟ್ಟೆಯೊಂದನ್ನು ಇಟ್ಟರು. ಅದು ಅದುರತೊಡಗಿತು. ಬಾಗಿ ನೋಡಲು ಹೋದ ಸಹೋದ್ಯೋಗಿಯ ಮುಖಕ್ಕೆ ಸಿಡಿಯಿತು!

ತರಂಗಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ಅಲುಗಾಡಿಸಿ ಶಾಖವನ್ನು ಹುಟ್ಟಿಸುತ್ತವೆ. ಚಿಪ್ಪಿನೊಳಗಿನ ಆವಿಗೆ ಹೊರದಾರಿಯಿಲ್ಲದಿದ್ದರೆ ಮೊಟ್ಟೆ ಸಿಡಿಯಲೇಬೇಕು. ಬಿಗಿಯಾಗಿ ಮುಚ್ಚಿದ ಡಬ್ಬಿಯ ಗತಿಯೂ ಅದೇ. ಆದುದರಿಂದ ಮುಚ್ಚಳವನ್ನು ಸಡಿಲಿಸಿಯೇ ಇಡಬೇಕು. ಸ್ಪೆನ್ಸರನು ತರಂಗಗಳನ್ನು ಲೋಹದ ಪೆಟ್ಟಿಗೆಯೊಳಗೆ ಹಿಡಿದಿಟ್ಟನು, ಏಕೆಂದರೆ ಲೋಹವು ಅವುಗಳನ್ನು ಹಿಂದಕ್ಕೆ ಹೊಡೆಯುತ್ತದೆ. ಒಲೆಯ ಬಾಗಿಲಿನಲ್ಲಿ ಸಣ್ಣ ರಂಧ್ರಗಳ ಲೋಹದ ಜಾಲರಿಯಿರುವುದೂ ಇದಕ್ಕಾಗಿಯೇ. ಬಾಗಿಲು ಸೊಟ್ಟಗಾಗಿದ್ದರೆ ಒಲೆಯನ್ನು ಬಳಸಬಾರದು. ಸ್ಟೀಲಿನ ಪಾತ್ರೆಯನ್ನು ಒಳಗಿಟ್ಟರೆ ತರಂಗಗಳು ಅದನ್ನು ಭೇದಿಸಲಾರವು, ಕಿಡಿಯೂ ಹಾರಬಹುದು. ಒಲೆಗೆ ತಕ್ಕ ಗಾಜು, ಪಿಂಗಾಣಿಗಳೇ ಲೇಸು. ತರಂಗಗಳು ಒಂದೆರಡು ಅಂಗುಲಕ್ಕಿಂತ ಆಳಕ್ಕೆ ಇಳಿಯುವುದು ಕಡಿಮೆ. ಹೀಗಾಗಿ ದಪ್ಪ ಗಂಜಿಯು ಅಂಚಿನಲ್ಲಿ ಕುದಿದರೂ ನಡುವೆ ತಣ್ಣಗಿರಬಹುದು. ನಡುವೆ ಒಮ್ಮೆ ಕದಡಿ, ಬಿಸಿಯಾದ ಮೇಲೆ ತುಸು ಹೊತ್ತು ಬಿಡಬೇಕು. ಬರಿಯ ನೀರು ಇನ್ನೂ ಮೋಸಗಾರ: ಗುಳ್ಳೆಯೇಳದೆ ಕುದಿಬಿಂದುವನ್ನು ದಾಟಿ, ಲೋಟವನ್ನು ಮುಟ್ಟಿದೊಡನೆ ಉಕ್ಕಿ ಕೈ ಸುಡಬಲ್ಲದು. ಹಪ್ಪಳ ಹೊತ್ತಿಕೊಂಡರೆ ಬಾಗಿಲು ತೆರೆಯದೆ ವಿದ್ಯುತ್ತನ್ನು ನಿಲ್ಲಿಸಬೇಕು.

1945ರ ಅಕ್ಟೋಬರಿನಲ್ಲಿ ಸ್ಪೆನ್ಸರನು ಪೇಟೆಂಟಿಗೆ ಅರ್ಜಿ ಹಾಕಿದನು. ಅದು 1950ರಲ್ಲಿ ದೊರೆಯಿತು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿದ್ದು ಸುಮಾರು 340 ಕಿಲೋ ತೂಗುತ್ತಿತ್ತು. ಮನೆಯವರಿಗೆ ಅದರ ಗೊಡವೆಯೇ ಇರಲಿಲ್ಲ. ಮೇಜಿನ ಮೇಲಿಡಬಹುದಾದ ಒಲೆ ಜನಪ್ರಿಯವಾದದ್ದು 1967ರ ಅನಂತರ. ಶಾಲೆ ಬಿಟ್ಟ ಆ ಹುಡುಗನಿಗೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. 1970ರಲ್ಲಿ ಅವನು ತೀರಿಕೊಂಡಾಗ, ಅವನ ಒಲೆಯು ಅಮೆರಿಕದ ಅಡುಗೆಮನೆಗಳನ್ನು ಆಗತಾನೆ ಸೇರತೊಡಗಿತ್ತು.