ಬೀಳಗಿಯ ಅಮೀರಬಾಯಿ: ನಾಡನ್ನೇ ಅಡ್ಡಹೆಸರು ಮಾಡಿಕೊಂಡ ತಾರೆ



ಕಳೆದ ತಿಂಗಳ ಸಭೆಯಲ್ಲಿ ಹಳೆಯ ಹಾಡುಗಳ ಒಂದು ಕಾರ್ಯಕ್ರಮ ಇಡಬೇಕೆಂಬ ಮಾತು ಬಂತು. ನಾವು ಅಮೀರಬಾಯಿ ಕರ್ನಾಟಕಿ ಅವರ ಹೆಸರು ಸೂಚಿಸಿದೆವು. ಆಕೆ ಹಾಡಿದ್ದೆಲ್ಲ ಹೆಚ್ಚಾಗಿ ಹಿಂದಿಯಲ್ಲಿ, ಕನ್ನಡ ಸಂಘಕ್ಕೂ ಅದಕ್ಕೂ ಏನು ಸಂಬಂಧ ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಆಕೆ ಯಾರು ಎಂದು ತರುಣ ಸದಸ್ಯರೊಬ್ಬರು ಕೇಳಿದರು. ಮೊದಲ ಪ್ರಶ್ನೆಗೆ ಅಲ್ಲೇ ಏನೋ ಒಂದು ಉತ್ತರ ಕೊಟ್ಟೆವು. ಎರಡನೆಯದು ಮಾತ್ರ ಮನೆಗೆ ಬಂದ ಮೇಲೂ ಮನಸ್ಸಿನಲ್ಲಿ ಉಳಿಯಿತು. ಅದಕ್ಕಾಗಿ ಈ ತಿಂಗಳ ಪತ್ರಿಕೆಯಲ್ಲಿ ಆಕೆಯ ಬದುಕಿನ ಕಥೆಯನ್ನು ಬರೆಯುತ್ತಿದ್ದೇವೆ.

ಅಮೀರಬಾಯಿ ಹುಟ್ಟಿದ್ದು ಬೀಳಗಿಯಲ್ಲಿ. ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ ಜಿಲ್ಲೆ. ಇಪ್ಪತ್ತನೆಯ ಶತಮಾನದ ಆರಂಭದ ಕಾಲ. ಮನೆತನವೇ ನಾಟಕ, ಸಂಗೀತದ್ದು. ಐವರು ಅಕ್ಕತಂಗಿಯರಲ್ಲಿ ಇಬ್ಬರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಒಬ್ಬರು ಅಕ್ಕ ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ. ಆ ದಿನಗಳಲ್ಲಿ ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಬರುತ್ತಿರಲಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ರಂಗಕ್ಕೆ ಬಂದವರಿಗೆ ಅದೇ ಅನ್ನ, ಅದೇ ವಿದ್ಯೆ ಆಗಿತ್ತು ಎಂಬುದನ್ನು ಮರೆಯುತ್ತೇವೆ. ಜನ ಕಂಪನಿ ನಾಟಕದ ಹೆಣ್ಣುಮಕ್ಕಳ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು, ಅವರ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಈ ಅಕ್ಕತಂಗಿಯರು ಅಂಥ ಲೋಕದಿಂದ ಬಂದವರು.

ಇಲ್ಲಿ ಸ್ವಲ್ಪ ನಮ್ಮ ಸಾಂಗಲಿ ಮಿರಜದ ಕಡೆ ತಿರುಗಬೇಕು. ಸಾಂಗಲಿಗೆ ನಾಟ್ಯಪಂಢರಿ ಎಂಬ ಹೆಸರಿದೆ. 1843ರಲ್ಲಿ ವಿಷ್ಣುದಾಸ ಭಾವೆಯವರು ಇಲ್ಲಿ ಸೀತಾ ಸ್ವಯಂವರ ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆಯಾದದ್ದು ಹೊನ್ನಾವರದ ಹತ್ತಿರದ ಕರ್ಕಿಯಿಂದ ಸಾಂಗಲಿ ದರಬಾರಿಗೆ ಬಂದ ಭಾಗವತರ ಆಟ. ಮುಂದೆ 1880ರಲ್ಲಿ ಶಾಕುಂತಲ ಆಡಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಮಂಡಳಿಯಲ್ಲೇ 1905ರಲ್ಲಿ, ನಮ್ಮ ಮಿರಜದಲ್ಲಿ, ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗ ಶಕುಂತಲೆಯ ವೇಷ ಹಾಕಿ ಮೊದಲ ಬಾರಿ ರಂಗಕ್ಕೆ ಬಂದ. ಆತನೇ ಬಾಲಗಂಧರ್ವ. ಮಿರಜದ ನಾಟ್ಯಗೃಹಕ್ಕೆ ಇಂದೂ ಅವರ ಹೆಸರಿದೆ.

ಬೀಳಗಿಯ ಗೋಹರಬಾಯಿ ಈ ಬಾಲಗಂಧರ್ವರ ಗ್ರಾಮೋಫೋನ್ ಪ್ಲೇಟುಗಳನ್ನು ಕೇಳಿ ಕೇಳಿ, ಅವರ ಗಾಯಕಿಯನ್ನು ಗಂಟಲಿಗೆ ಇಳಿಸಿಕೊಂಡವರು. 1930ರ ದಶಕದ ಕೊನೆಗೆ ಗಂಧರ್ವ ನಾಟಕ ಮಂಡಳಿ ಸಾಲದಲ್ಲಿ ಬಳಲುತ್ತಿದ್ದಾಗ ಆಕೆ ಮಂಡಳಿ ಸೇರಿ ಸ್ತ್ರೀಪಾತ್ರ ಮಾಡತೊಡಗಿದರು. 1951ರಲ್ಲಿ ಇಬ್ಬರ ಮದುವೆ ಆಯಿತು. ಮರಾಠಿ ರಸಿಕರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಬಾಲಗಂಧರ್ವರ ಕಷ್ಟಗಳಿಗೆಲ್ಲ ಆಕೆಯೇ ಕಾರಣ ಎಂಬ ಮಾತೂ ಹುಟ್ಟಿತು. ಕಾಲು ಸ್ವಾಧೀನ ತಪ್ಪಿ ಕೂತ ಮುದುಕನನ್ನು ನೋಡಿಕೊಂಡವಳೂ ಆಕೆಯೇ ಎಂಬುದನ್ನು ಹೇಳಿದವರು ಕಡಿಮೆ. 1964ರಲ್ಲಿ ಗೋಹರಬಾಯಿ ತೀರಿಕೊಂಡರು, 1967ರಲ್ಲಿ ಬಾಲಗಂಧರ್ವರು.

ಅಮೀರಬಾಯಿ ಹಿಡಿದದ್ದು ಸಿನಿಮಾದ ದಾರಿ. ಮುಂಬಯಿಗೆ ಹೋದಾಗ ಇನ್ನೂ ಚಿಕ್ಕ ವಯಸ್ಸು. ಮಾತಾಡುವ ಚಿತ್ರಗಳು ಆಗಷ್ಟೇ ಬಂದಿದ್ದವು. ಹಾಡಲು ಬರುವವರಿಗೇ ಪಾತ್ರ ಸಿಗುತ್ತಿತ್ತು. 1934ರ ವಿಷ್ಣುಭಕ್ತಿ ಚಿತ್ರದಿಂದ ಆಕೆಯ ಪಯಣ ಶುರುವಾಯಿತು. ಈ ಅವಕಾಶ ಸಿಗುವಲ್ಲಿ ಅಕ್ಕನ ನೆರವಿತ್ತು. ಮುಂದಿನ ಕೆಲವು ವರ್ಷ ನಟಿಸುತ್ತಾ, ಹಾಡುತ್ತಾ ಸಾಗಿದರೂ ದೊಡ್ಡ ಹೆಸರೇನೂ ಬರಲಿಲ್ಲ. 1940ರ ನರಸೀ ಭಗತ್ ಚಿತ್ರದಲ್ಲಿ ವಿಷ್ಣುಪಂತ ಪಾಗ್ನೀಸರ ಜೊತೆ ಕೆಲಸ ಮಾಡಿದರು. ಸಂತ ತುಕಾರಾಮನಾಗಿ ಮನೆಮಾತಾಗಿದ್ದ ಪಾಗ್ನೀಸರು ಹುಟ್ಟಿದ್ದು ಚಿಕ್ಕೋಡಿಯಲ್ಲಿ. ಮುಂಬಯಿಯ ಸ್ಟುಡಿಯೋದಲ್ಲಿ ನರಸೀ ಮೆಹ್ತಾ ಎಂಬ ಗುಜರಾತಿ ಸಂತನ ಕಥೆ ತೆಗೆದಾಗ ಚಿಕ್ಕೋಡಿಯವರೊಬ್ಬರು, ಬೀಳಗಿಯವರೊಬ್ಬರು ಅದರಲ್ಲಿದ್ದರು.

1943ರಲ್ಲಿ ಬಾಂಬೆ ಟಾಕೀಸಿನ ಕಿಸ್ಮತ್ ಬಂತು. ಅಶೋಕ ಕುಮಾರ ನಾಯಕ, ಮುಮ್ತಾಜ್ ಶಾಂತಿ ನಾಯಕಿ, ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಹಾಡು. ನಾಯಕಿಯ ಹಾಡಿಗೆ ದನಿ ಅಮೀರಬಾಯಿಯದು. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕೂ ಮೇಲೆ ಓಡಿತು. ಅದರ ಒಂದು ಹಾಡು ಪರದೇಶದವರನ್ನು ದೂರ ಸರಿಯಿರಿ, ಹಿಂದುಸ್ತಾನ ನಮ್ಮದು ಎಂದು ಎಚ್ಚರಿಸುತ್ತದೆ. ಚಲೇಜಾವ್ ಚಳವಳಿ ನಡೆದು ಇನ್ನೂ ವರ್ಷ ತುಂಬಿರಲಿಲ್ಲ, ನಾಯಕರು ಜೈಲಿನಲ್ಲಿದ್ದರು. ಹಾಡಿನಲ್ಲಿ ಜರ್ಮನರ, ಜಪಾನಿಯರ ಹೆಸರು ಇದ್ದುದರಿಂದ ಸೆನ್ಸಾರಿನವರು ಬಿಟ್ಟರು, ಥಿಯೇಟರಿನಲ್ಲಿ ಕೂತ ಜನ ಮಾತ್ರ ಅದು ಯಾರಿಗೆ ಹೇಳಿದ ಮಾತು ಎಂದು ತಿಳಿದುಕೊಂಡರು. ಸರಕಾರಕ್ಕೆ ಅರ್ಥವಾಗುವ ಹೊತ್ತಿಗೆ ಕವಿ ಪ್ರದೀಪರು ಬಂಧನ ತಪ್ಪಿಸಿಕೊಳ್ಳಲು ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡನ್ನು ಖಾನ್ ಮಸ್ತಾನರ ಜೊತೆ ಹಾಡಿದವರು ನಮ್ಮ ಬೀಳಗಿಯ ಹೆಣ್ಣುಮಗಳು.

ಮರುವರ್ಷ ಭರ್ತೃಹರಿ ಚಿತ್ರದಲ್ಲಿ ಖೇಮಚಂದ್ ಪ್ರಕಾಶರ ಸಂಗೀತ, ರತನ್ ಚಿತ್ರದಲ್ಲಿ ನೌಷಾದರ ಸಂಗೀತ. ಎರಡರಲ್ಲೂ ಆಕೆಯ ಹಾಡುಗಳು ಜನರ ಬಾಯಲ್ಲಿ ನಿಂತವು. ಗುಜರಾತಿಯಲ್ಲಿ, ಮರಾಠಿಯಲ್ಲಿ ಹಾಡಿದರು, ಕನ್ನಡದಲ್ಲೂ ಕೆಲವು ಪ್ಲೇಟುಗಳನ್ನು ಕೊಟ್ಟರು. ಕನ್ನಡ ಕೋಗಿಲೆ ಎಂದು ಹೆಸರಾದರು. 1948ರ ಶಹನಾಜ್ ಚಿತ್ರಕ್ಕೆ ಸ್ವತಃ ಸಂಗೀತ ಸಂಯೋಜನೆ ಮಾಡಿದರು. ಹೆಂಗಸರು ಸಂಗೀತ ನಿರ್ದೇಶನ ಮಾಡುವುದು ಬೆರಳೆಣಿಕೆಯಷ್ಟೇ ಇದ್ದ ಕಾಲ ಅದು.

ಪರದೆಯ ಮೇಲಿನ ಯಶಸ್ಸು ಮನೆಯಲ್ಲಿ ಇರಲಿಲ್ಲ. ಖಳನಾಯಕನ ಪಾತ್ರಗಳಿಗೆ ಹೆಸರಾದ ಹಿಮಾಲಯವಾಲಾ ಎಂಬ ನಟನೊಂದಿಗೆ ಆದ ಮೊದಲ ಮದುವೆಯಲ್ಲಿ ಆಕೆ ಹೊಡೆತ, ಹಿಂಸೆ ಅನುಭವಿಸಿದರು. ಲಕ್ಷಾಂತರ ಜನ ಆಕೆಯ ದನಿಗೆ ತಲೆದೂಗುತ್ತಿದ್ದ ದಿನಗಳಲ್ಲೇ ಇದು ನಡೆಯಿತು. ಕೊನೆಗೆ ಆಕೆ ಆ ಮದುವೆಯಿಂದ ಬಿಡುಗಡೆ ಪಡೆದರು. ಆತ ದೇಶ ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋದ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾಗಿ ಸ್ವಲ್ಪ ನೆಮ್ಮದಿ ಕಂಡರು. ಎಂಬತ್ತು ವರ್ಷದ ಹಿಂದೆ ಗಂಡನ ಮನೆಯ ಹಿಂಸೆ ಬಿಟ್ಟು ಹೊರಬರುವುದು ಹೆಣ್ಣಿಗೆ ಎಷ್ಟು ಕಠಿಣವಾಗಿತ್ತು ಎಂಬುದನ್ನು ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಕಾಲ ಬದಲಾಯಿತು. ಇದರಲ್ಲಿಯೂ ನಮ್ಮ ಊರಿನ ಪಾಲಿದೆ. ಬಲವಂತ ಸಂಗೀತ ಮಂಡಳಿಯ ದೀನಾನಾಥ ಮಂಗೇಶಕರರ ಕುಟುಂಬ ಸಾಂಗಲಿಯಲ್ಲಿ ನೆಲೆಸಿತ್ತು. ಆಶಾ ಹುಟ್ಟಿದ್ದೇ ಇಲ್ಲಿ, 1933ರಲ್ಲಿ. ಲತಾ ಬಾಲ್ಯದ ವರ್ಷಗಳನ್ನು ಇಲ್ಲಿ ಕಳೆದರು. 1949ರಲ್ಲಿ ಮಹಲ್ ಚಿತ್ರ ಬಂದಾಗ ಲತಾರ ದನಿ ದೇಶವನ್ನೇ ಆವರಿಸಿತು. ಆ ಚಿತ್ರ ತೆಗೆದದ್ದು ಕಿಸ್ಮತ್ ತೆಗೆದ ಅದೇ ಬಾಂಬೆ ಟಾಕೀಸ್. ಸಂಗೀತ ಕೊಟ್ಟದ್ದು ಭರ್ತೃಹರಿಯಲ್ಲಿ ಅಮೀರಬಾಯಿಯಿಂದ ಹಾಡಿಸಿದ್ದ ಅದೇ ಖೇಮಚಂದ್ ಪ್ರಕಾಶ್. ಆರೇ ವರ್ಷದಲ್ಲಿ ಜನರ ಕಿವಿ ಬದಲಾಗಿತ್ತು. ನಾಟಕದ ಕಂಪನಿಯಲ್ಲಿ ಮೈಕು ಇಲ್ಲದೆ ಹಿಂದಿನ ಸಾಲಿನವರಿಗೂ ಕೇಳುವಂತೆ ಹಾಡಿ ಪಳಗಿದ ಕಂಠಕ್ಕಿಂತ, ಮೈಕಿನ ಹತ್ತಿರ ಮೆತ್ತಗೆ ಹಾಡುವ ಕಂಠ ಬೇಕಾಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಮೀರಬಾಯಿ ಜಗಳ ಆಡುತ್ತಾ ಕೂಡಲಿಲ್ಲ, ಮತ್ತೆ ನಟನೆಗೆ ಮರಳಿ ಪೋಷಕ ಪಾತ್ರಗಳನ್ನು ಮಾಡಿದರು.

ಗಳಿಸಿದ್ದರಲ್ಲಿ ಒಂದು ಪಾಲನ್ನು ಊರ ಕಡೆ ತಂದರು. ವಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ನಮ್ಮ ಕಡೆಯಿಂದ ಗೋಳಗುಮ್ಮಟ ನೋಡಲು ಹೋದ ಎಷ್ಟೋ ಜನ ಅಲ್ಲಿ ಸಿನಿಮಾ ನೋಡಿ ಬಂದಿರುತ್ತಾರೆ. ಆ ಅಮೀರ್ ಯಾರು ಎಂದು ಕೇಳಿದವರು ಕಡಿಮೆ. ನಾವೂ ಆ ಕಡಿಮೆ ಜನರಲ್ಲಿ ಇರಲಿಲ್ಲ. ನೌಕರಿಯ ದಿನಗಳಲ್ಲಿ ಆ ಹೆಸರು ಓದಿದ್ದೆವು, ಯಾರೋ ಶ್ರೀಮಂತ ಎಂದು ತಿಳಿದು ಮುಂದೆ ನಡೆದಿದ್ದೆವು. ಈಗ ನಾಚಿಕೆ ಎನಿಸುತ್ತದೆ.

1965ರ ಮಾರ್ಚ್ ತಿಂಗಳಲ್ಲಿ ಪಾರ್ಶ್ವವಾಯು ಹೊಡೆದು ಅಮೀರಬಾಯಿ ತೀರಿಕೊಂಡರು. ವಿಜಾಪುರದ ಮಣ್ಣಿನಲ್ಲೇ ಅವರ ಗೋರಿ ಆಯಿತು. ಬಹಳ ವರ್ಷಗಳ ನಂತರ ರಹಮತ್ ತರೀಕೆರೆಯವರು ಕನ್ನಡದಲ್ಲಿ ಆಕೆಯ ಜೀವನಚರಿತ್ರೆ ಬರೆದು ದೊಡ್ಡ ಉಪಕಾರ ಮಾಡಿದ್ದಾರೆ.

ಇನ್ನು ಹಿರಿಯ ಸದಸ್ಯರ ಪ್ರಶ್ನೆಗೆ ಬರುತ್ತೇವೆ. ಆಕೆ ಅಡ್ಡಹೆಸರಾಗಿ ಕರ್ನಾಟಕಿ ಎಂದು ಇಟ್ಟುಕೊಂಡಾಗ ನಕಾಶೆಯ ಮೇಲೆ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ವಿಜಾಪುರ ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಏಕೀಕರಣ ಆಯಿತು, ಆಗಲೂ ಹೆಸರು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ, ಆಕೆ ತೀರಿಕೊಂಡು ಎಂಟು ವರ್ಷಕ್ಕೆ. ರಾಜ್ಯಕ್ಕೆ ಆ ಹೆಸರು ಬರುವ ಮೊದಲೇ ಚಿತ್ರದ ಟೈಟಲುಗಳಲ್ಲಿ, ಪ್ಲೇಟಿನ ಚೀಟಿಗಳಲ್ಲಿ, ರೇಡಿಯೋದಲ್ಲಿ ಪೇಶಾವರದಿಂದ ಕಲ್ಕತ್ತೆಯವರೆಗೆ ಅದನ್ನು ತಲುಪಿಸಿದವರಲ್ಲಿ ಬೀಳಗಿಯ ಈ ಮುಸಲ್ಮಾನ ಹೆಣ್ಣುಮಗಳೂ ಒಬ್ಬರು. ಹೊಟ್ಟೆಪಾಡಿಗೆ ಬೇರೆ ಭಾಷೆಯಲ್ಲಿ ದುಡಿದ ಮಾತ್ರಕ್ಕೆ ಆಕೆ ನಮ್ಮವರಲ್ಲ ಎನ್ನುವುದಾದರೆ, ಮೂವತ್ತು ವರ್ಷ ಕಚೇರಿಯಲ್ಲಿ ಮರಾಠಿಯಲ್ಲಿ ಟಿಪ್ಪಣಿ ಬರೆದು ನಿವೃತ್ತರಾದ ನಾವು ಯಾರು? ಮಕ್ಕಳನ್ನು ಮರಾಠಿ, ಇಂಗ್ಲಿಷ್ ಶಾಲೆಗೆ ಕಳಿಸುವ ಈ ಗಡಿಭಾಗದ ಸಾವಿರಾರು ಕನ್ನಡ ಮನೆಗಳು ಯಾರವು? ದಿನದ ಬದುಕು ಯಾವ ಭಾಷೆಯಲ್ಲಿ ನಡೆದರೂ ಮೂಲ ನಾಡಿನ ಹೆಸರನ್ನು ಬಿಡದೆ ಬಾಳಬಹುದು ಎಂಬುದಕ್ಕೆ ಆಕೆಯೇ ಸಾಕ್ಷಿ. ಇದು ನಮ್ಮ ಅಭಿಪ್ರಾಯ. ಒಪ್ಪದವರು ಸಭೆಗೆ ಬಂದು ಅವಶ್ಯ ಮಾತಾಡಬೇಕು.

ಕಾರ್ಯಕ್ರಮದ ವಿವರ: ಬರುವ ಮಾರ್ಚ್ ತಿಂಗಳ ಮೊದಲ ರವಿವಾರ ಸಂಜೆ, ಎಂದಿನ ಸ್ಥಳದಲ್ಲಿ, ಅಮೀರಬಾಯಿ ಮತ್ತು ಗೋಹರಬಾಯಿ ಅವರ ಹಾಡುಗಳನ್ನು ಒಟ್ಟಿಗೆ ಕೂತು ಕೇಳುವುದು. ಪ್ರವೇಶ ಉಚಿತ, ಚಹಾ ವ್ಯವಸ್ಥೆ ಇದೆ. ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಗ್ರಾಮೋಫೋನ್ ಪ್ಲೇಟುಗಳಿದ್ದರೆ ದಯವಿಟ್ಟು ಭಂಗಾರದವರಿಗೆ ಹಾಕುವ ಮೊದಲು ಒಮ್ಮೆ ನಮಗೆ ತೋರಿಸಿ. ಮೇಲಿನ ಚೀಟಿ ಹರಿದಿದ್ದರೂ ಚಿಂತೆಯಿಲ್ಲ. ಜೊತೆಗೆ ಮೊಮ್ಮಕ್ಕಳನ್ನು ಕರೆತನ್ನಿ. ಆಕೆ ಯಾರು ಎಂದು ಮುಂದಿನ ಸಲ ಯಾರಾದರೂ ಕೇಳಿದರೆ ಆ ಮಕ್ಕಳೇ ಉತ್ತರ ಹೇಳಲಿ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ